ಓದುಗರ ಪ್ರಶ್ನೆ: ಎಣಿಸಿದರೆ 3:1 ಬರಲೇಬೇಕಾ?

ಪ್ರಶ್ನೆ: ಪ್ರಾಕ್ಟಿಕಲ್‌ನಲ್ಲಿ ಮುಸುಕಿನ ಜೋಳದ ತೆನೆ ಕೊಟ್ಟು 400 ಕಾಳು ಎಣಿಸಲು ಹೇಳಿದರು. ನೇರಳೆ 285, ಹಳದಿ 115 ಸಿಕ್ಕಿತು. 3:1 ಬರಬೇಕಿತ್ತಂತೆ. ನಾನು ಶೇಕಡಾ ಲೆಕ್ಕದಲ್ಲಿ ಕೈ-ಸ್ಕ್ವೇರ್ ಮಾಡಿದೆ, 0.75 ಬಂತು. ಗೆಳತಿಗೆ 3 ಬಂತು. ಯಾರದು ಸರಿ? ಮೆಂಡೆಲ್ ನಿಯಮ ಸಾಬೀತಾಯ್ತಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಗೆಳತಿಯದೇ ಸರಿ. ಕೈ-ಸ್ಕ್ವೇರ್ ಅಂದರೆ, ಎಣಿಸಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸ ಆಕಸ್ಮಿಕವಾಗಿ ಬರುವಷ್ಟೇನಾ ಅಂತ ನೋಡುವ ಪರೀಕ್ಷೆ. ಕೈ-ಸ್ಕ್ವೇರ್‌ಗೆ ಎಣಿಸಿದ ಸಂಖ್ಯೆಯನ್ನೇ ಕೊಡಬೇಕು, ಶೇಕಡಾ ಕೊಡಬಾರದು. ಮೆಂಡೆಲ್ ನಿಯಮದ 3:1 ಅಂದರೆ ನಾಲ್ಕರಲ್ಲಿ ಮೂರು ಪಾಲು ಒಂದು ಗುಣ, ಒಂದು ಪಾಲು ಇನ್ನೊಂದು. ಹಾಗಾಗಿ 400ರಲ್ಲಿ 300 ನೇರಳೆ, 100 ಹಳದಿ ಬರಬೇಕಿತ್ತು, ವ್ಯತ್ಯಾಸ 15. ಅದರ ವರ್ಗ 225. ಅದನ್ನು 300ರಿಂದ ಭಾಗಿಸಿದರೆ 0.75, 100ರಿಂದ ಭಾಗಿಸಿದರೆ 2.25, ಕೂಡಿಸಿದರೆ 3. ಎರಡೇ ಬಗೆಯ ಕಾಳು ಇರೋದರಿಂದ ಡಿಗ್ರಿ ಆಫ್ ಫ್ರೀಡಂ (ಬಗೆಗಳ ಸಂಖ್ಯೆಗಿಂತ ಒಂದು ಕಡಿಮೆ) 1, ಅದಕ್ಕೆ ಶೇ. 5ರ ಮಟ್ಟದಲ್ಲಿ ಗಡಿ 3.84. ಅಂದರೆ 3:1 ನಿಜವಾಗಿದ್ದರೆ ನೂರಕ್ಕೆ ಸುಮಾರು ಐದು ಸಲ ಮಾತ್ರ ಉತ್ತರ ಈ ಗಡಿ ದಾಟುತ್ತದೆ. ನಿಮ್ಮ 3 ಅದರೊಳಗೇ ಇದೆ.

ಶೇಕಡಾ ಹಾಕಿದರೆ ನೀವು 400 ಎಣಿಸಿದ್ದು ಮರೆತುಹೋಗಿ, ಬರೀ 100 ಕಾಳು ಎಣಿಸಿದ ಹಾಗಾಗುತ್ತದೆ. ನಾಣ್ಯವನ್ನು 10 ಸಲ ಚಿಮ್ಮಿ 4 ಸಲ ತಲೆ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, 1,000 ಸಲ ಚಿಮ್ಮಿ 400 ಸಲವೇ ಬಿದ್ದರೆ ನಾಣ್ಯದ ಮೇಲೇ ಅನುಮಾನ ಬರುತ್ತದೆ ಅಲ್ವಾ? ಇದೇ ಪ್ರಮಾಣ 800 ಕಾಳಿನಲ್ಲಿ ಬಂದಿದ್ದರೆ, ಅಂದರೆ 570 ಮತ್ತು 230, ಉತ್ತರ 6 ಆಗಿ ಗಡಿ ದಾಟುತ್ತಿತ್ತು.

ಇನ್ನು 'ಸಾಬೀತು' ಅನ್ನೋ ಮಾತು. ದಯವಿಟ್ಟು ರೆಕಾರ್ಡ್‌ನಲ್ಲಿ ಹಾಗೆ ಬರೆಯಬೇಡಿ. ಇಷ್ಟು ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು, ಹಾಗಾಗಿ 3:1 ಅನ್ನು ತಳ್ಳಿಹಾಕಲು ಕಾರಣವಿಲ್ಲ, ಅಷ್ಟೇ. ಗಡಿ ದಾಟಿದ್ದರೂ ಮೆಂಡೆಲ್ ಸುಳ್ಳು ಅಂತಲ್ಲ. ತಿಳಿ ನೇರಳೆ ಕಾಳನ್ನು ಹಳದಿಗೆ ಸೇರಿಸಿರಬಹುದು. ಬಣ್ಣ ಬರಲು ಎರಡು ಜೀನ್ ಬೇಕಾಗುವ ತಳಿಯಾದರೆ ಪ್ರಮಾಣವೇ 9:7 ಆಗುತ್ತದೆ.

ಮೆಂಡೆಲ್‌ಗೂ ಸರಿಯಾಗಿ 3:1 ಬಂದಿರಲಿಲ್ಲ. ಬಟಾಣಿಯಲ್ಲಿ ಅವರು ಎಣಿಸಿದ್ದು 5,474 ದುಂಡು, 1,850 ಸುಕ್ಕು, ಅಂದರೆ 2.96:1. ಕೈ-ಸ್ಕ್ವೇರ್ ಹಾಕಿ ನೋಡಿ, ಸುಮಾರು 0.26 ಬರುತ್ತದೆ. ಅವರ ಬಳಿ ಈ ಪರೀಕ್ಷೆ ಇರಲೇ ಇಲ್ಲ. ಅವರು ತೀರಿಕೊಂಡದ್ದು 1884ರಲ್ಲಿ, ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಇದನ್ನು ಪ್ರಕಟಿಸಿದ್ದು 1900ರಲ್ಲಿ. ಏಳು ಸಾವಿರಕ್ಕೂ ಜಾಸ್ತಿ ಬೀಜ ಎಣಿಸಿದ ಆ ತಾಳ್ಮೆಯನ್ನು ನಾನು ತುಂಬಾ ಗೌರವಿಸುತ್ತೇನೆ.

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೂ ಥಲಸ್ಸೇಮಿಯಾ (ರಕ್ತದ ಆನುವಂಶಿಕ ಕಾಯಿಲೆ) ಕ್ಯಾರಿಯರ್, ಅಂದರೆ ದೋಷದ ಜೀನ್ ಇದೆ, ಆದರೆ ಕಾಯಿಲೆ ಇಲ್ಲ. ಮೊದಲ ಮಗುವಿಗೆ ಕಾಯಿಲೆ ಇದೆ. ನಾಲ್ಕರಲ್ಲಿ ಒಂದು ಮಗುವಿಗೆ ಅಂತಾರೆ, ಹಾಗಾದರೆ ಇನ್ನು ಭಯವಿಲ್ಲ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಹಾಗಲ್ಲಮ್ಮ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಮುಂದಿನ ಮಗುವಿಗೂ ಸಂಭವ ನಾಲ್ಕರಲ್ಲಿ ಒಂದೇ. ನಿಮ್ಮಂಥ, ನಾಲ್ಕು ಮಕ್ಕಳಿರುವ 100 ಕುಟುಂಬ ಅಂದುಕೊಳ್ಳಿ. ಸುಮಾರು 32 ಮನೆಯಲ್ಲಿ ಯಾವ ಮಗುವಿಗೂ ಕಾಯಿಲೆ ಇರಲ್ಲ, 42ರಲ್ಲಿ ಒಂದಕ್ಕೆ, ಉಳಿದ 26ರಲ್ಲಿ ಎರಡು ಅಥವಾ ಹೆಚ್ಚು ಮಕ್ಕಳಿಗೆ ಇರುತ್ತದೆ.

ಹೊಟ್ಟೆಯಲ್ಲಿರುವ ಮಗುವಿಗೆ ಕಾಯಿಲೆ ಇದೆಯಾ ಅಂತ ಸುಮಾರು 11ನೇ ವಾರದ ಹೊತ್ತಿಗೇ ಪರೀಕ್ಷೆ ಮಾಡಬಹುದು. ಅದಕ್ಕೆ ನಿಮ್ಮಿಬ್ಬರ ಜೀನ್‌ನಲ್ಲಿ ಯಾವ ದೋಷವಿದೆ ಅನ್ನೋದು ಮೊದಲೇ ಗೊತ್ತಿರಬೇಕು. ಹಾಗಾಗಿ ಇನ್ನೊಂದು ಮಗುವಿನ ಯೋಚನೆ ಇದ್ದರೆ, ಬಸಿರಾಗುವ ಮುಂಚೆಯೇ ಜೆನೆಟಿಕ್ ಕೌನ್ಸೆಲಿಂಗ್ ಇರುವ ಆಸ್ಪತ್ರೆಗೆ ಇಬ್ಬರೂ ಹೋಗಿ ಬನ್ನಿ.