ಕೇಬಲ್ ಕ್ಲಚ್ ತೆಗೆದು ಹೈಡ್ರಾಲಿಕ್ ಕ್ಲಚ್ ಅಳವಡಿಸಬಹುದೇ?

ಪ್ರಶ್ನೆ: ನನ್ನ ಬಳಿ 1970ರ ದಶಕದ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದಿದೆ. ಅದರದು ಕೇಬಲ್ ಕ್ಲಚ್. ಎರಡು ವರ್ಷಗಳಲ್ಲಿ ಮೂರು ಕೇಬಲ್‌ಗಳನ್ನು ಬದಲಾಯಿಸಿದ್ದೇನೆ. ಹೊಸದು ಹಾಕಿದ ಕೆಲವೇ ತಿಂಗಳಲ್ಲಿ ಪೆಡಲ್ ಬಿಗಿಯಾಗುತ್ತದೆ, ರಿವರ್ಸ್ ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ. ಕೇಬಲ್ ಬದಲು ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್‌ಗೆ ಬದಲಾಯಿಸಬೇಕೆಂದಿದ್ದೇನೆ. ಯಾವ ಅಳತೆಯ ಸಿಲಿಂಡರ್‌ಗಳನ್ನು ಕೊಳ್ಳಬೇಕು? ಕಾರಿನ ಮೂಲ ಸ್ವರೂಪ ಕೆಡದಂತೆ ಈ ಕೆಲಸ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಪೋರ್ಷೆ ಕಂಪನಿಯೇ ತನ್ನ 911 ಕಾರಿನಲ್ಲಿ ದೀರ್ಘಕಾಲ ಕೇಬಲ್ ಕ್ಲಚ್ ಬಳಸಿ, 1987ರ ಮಾದರಿಯಲ್ಲಿ ಹೊಸ ಗೇರ್ ಬಾಕ್ಸ್ ತಂದಾಗ ಹೈಡ್ರಾಲಿಕ್‌ಗೆ ಬಂದಿತು. ಆದರೆ ಸಿಲಿಂಡರ್ ಕೊಳ್ಳುವ ಮೊದಲು ನಿಮ್ಮ ಮೂರು ಕೇಬಲ್‌ಗಳು ಏಕೆ ಹಾಳಾದವು ಎಂಬುದನ್ನು ತಿಳಿದುಕೊಳ್ಳಲೇಬೇಕು, ಏಕೆಂದರೆ ಚೆನ್ನಾಗಿ ಹಾಕಿದ ಕೇಬಲ್ ಅಷ್ಟು ಬೇಗ ಹೋಗುವ ವಸ್ತುವಲ್ಲ.

ಹಳೆಯ ಕೇಬಲ್ ಇನ್ನೂ ನಿಮ್ಮ ಬಳಿ ಇದ್ದರೆ ಅದರ ಹೊದಿಕೆಯನ್ನು ಉದ್ದಕ್ಕೂ ಸೀಳಿ ನೋಡಿ. ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟಿಕೊಂಡಿದ್ದು, ತಂತಿಯ ಎಳೆಗಳು ನೀಲಿಗಟ್ಟಿದ್ದರೆ ಅದು ಸವೆತವಲ್ಲ, ಶಾಖದ ಗುರುತು. ಕೇಬಲ್ ಎಕ್ಸಾಸ್ಟ್ ಕೊಳವೆಗೆ ತೀರ ಹತ್ತಿರ ಹಾದುಹೋಗಿರಬಹುದು. ಅದಕ್ಕಿಂತಲೂ ಸುಲಭವಾಗಿ ಕಣ್ತಪ್ಪುವ ಕಾರಣ, ಎಂಜಿನ್‌ನಿಂದ ಕಾರಿನ ಬಾಡಿಯತ್ತ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿರುವುದು. ಆಗ ಸ್ಟಾರ್ಟರ್ ಮೋಟರಿನ ಕರೆಂಟ್ ಹಿಂದಿರುಗಲು ಬೇರೆ ದಾರಿಯಿಲ್ಲದೆ ಕ್ಲಚ್ ಕೇಬಲ್‌ನ ಮೂಲಕವೇ ಹರಿದು ಅದನ್ನು ಒಳಗಿನಿಂದ ಸುಡುತ್ತದೆ. ಮಲ್ಟಿಮೀಟರಿನ ಒಂದು ತುದಿಯನ್ನು ಎಂಜಿನ್ ಬ್ಲಾಕ್‌ಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ಹಿಡಿದು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಆ ಪಟ್ಟಿಯನ್ನು ಬದಲಾಯಿಸಿ. ನಿಮ್ಮ ತೊಂದರೆ ಅಲ್ಲಿಗೇ ಮುಗಿದರೂ ಮುಗಿಯಬಹುದು. ಪೆಡಲ್‌ನ ಬುಷ್, ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಸನ್ನೆ) ಕೂರುವ ಗುಂಡು ಇವುಗಳ ಸವೆತವನ್ನೂ ನೋಡಿ, ಏಕೆಂದರೆ ಅಲ್ಲಿ ಸೋರಿಹೋಗುವ ಚಲನೆಯನ್ನು ಹೈಡ್ರಾಲಿಕ್ ವ್ಯವಸ್ಥೆ ಮರಳಿ ತಂದುಕೊಡುವುದಿಲ್ಲ.

ಇನ್ನು ಅಳತೆಯ ಮಾತು. ಅಂಗಡಿಯವರು ಕೊಟ್ಟ ಸಿಲಿಂಡರನ್ನು ತಂದು ಜೋಡಿಸಿ, ಕ್ಲಚ್ ಬಿಡದಿದ್ದಾಗ ಗಾಳಿ ಸೇರಿದೆಯೆಂದು ವಾರಗಟ್ಟಲೆ ಬ್ಲೀಡ್ ಮಾಡುವವರೇ (ಪೈಪಿನ ಗಾಳಿ ಹೊರಹಾಕುವವರೇ) ಹೆಚ್ಚು. ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಈ ಗೋಳು ಇರುವುದಿಲ್ಲ. ಕೇಬಲ್ ಸರಿಯಾಗಿರುವಾಗಲೇ ಚಾಲಕ ಚಕ್ರಗಳನ್ನು ಮೇಲೆತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಇಟ್ಟು ಗೇರ್ ಹಾಕಿ, ಪೆಡಲ್ ಒತ್ತುತ್ತಾ ಹೋಗಿ ಎರಡೂ ಚಕ್ರಗಳು ಒಂದೇ ದಿಕ್ಕಿಗೆ ಸಲೀಸಾಗಿ ತಿರುಗುವ ಹೊತ್ತಿಗೆ ಫೋರ್ಕ್‌ನ ಹೊರತುದಿ ಎಷ್ಟು ಸರಿದಿದೆ ಎಂದು ಅಳೆಯಿರಿ. ಅದು 16 ಮಿ.ಮೀ. ಎಂದಿಟ್ಟುಕೊಳ್ಳೋಣ. ಪೆಡಲ್‌ನ ಕೀಲಿನಿಂದ ಪಾದ ಇಡುವ ಜಾಗಕ್ಕೆ 300 ಮಿ.ಮೀ., ಪಿಸ್ಟನ್ನನ್ನು ತಳ್ಳುವ ಪುಷ್ ರಾಡ್ ಸೇರುವ ಜಾಗಕ್ಕೆ 50 ಮಿ.ಮೀ. ಇದ್ದರೆ ಅನುಪಾತ 6. ಪಾದ 150 ಮಿ.ಮೀ. ಇಳಿದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ಪಿಸ್ಟನ್ 25 ಮಿ.ಮೀ. ಸರಿಯುತ್ತದೆ. ಮಾಸ್ಟರಿನ ಒಳವ್ಯಾಸ 19.05, ಫೋರ್ಕ್ ಸರಿಸುವ ಸ್ಲೇವ್ ಸಿಲಿಂಡರಿನದು 22.2 ಮಿ.ಮೀ. ಆದರೆ, ವ್ಯಾಸಗಳ ವರ್ಗದ ಲೆಕ್ಕದಲ್ಲಿ ಫೋರ್ಕ್‌ಗೆ ಸುಮಾರು 18.4 ಮಿ.ಮೀ. ಚಲನೆ ಸಿಗುತ್ತದೆ. ಅಷ್ಟು ಸಾಕು. ಪೆಡಲ್ ಹಗುರವಾಗಲೆಂದು 15.87 ಮಿ.ಮೀ. ಮಾಸ್ಟರ್ ಹಾಕಿದಿರೋ, ಸಿಗುವುದು 12.8 ಮಿ.ಮೀ. ಮಾತ್ರ, ರಿವರ್ಸ್ ಗೇರ್ ಮತ್ತೆ ಕರಕರ ಎನ್ನುತ್ತದೆ. ಹೈಡ್ರಾಲಿಕ್ ಎಂದಮಾತ್ರಕ್ಕೆ ಪೆಡಲ್ ಹಗುರವಾಗುವುದಿಲ್ಲ. ಕೇಬಲ್‌ನ ಘರ್ಷಣೆಯಷ್ಟೇ ತಪ್ಪುತ್ತದೆ, ಸ್ಪ್ರಿಂಗ್‌ನ ಭಾರ ಹಾಗೆಯೇ ಉಳಿಯುತ್ತದೆ. ಅತಿಯಾದ ಚಲನೆಯೂ ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗನ್ನು ಕೆಡಿಸುವುದರಿಂದ ಪೆಡಲ್‌ನ ಕೆಳಗೊಂದು ತಡೆಯನ್ನು ಇರಿಸಿ.

ಕೇಬಲ್ ಫೋರ್ಕನ್ನು ಎಳೆಯುತ್ತದೆ, ಸಾಮಾನ್ಯ ಸ್ಲೇವ್ ಸಿಲಿಂಡರ್ ತಳ್ಳುತ್ತದೆ. ಆದ್ದರಿಂದ ಅದನ್ನು ಫೋರ್ಕ್‌ನ ಎದುರು ಬದಿಯಲ್ಲಿ ಕೂರಿಸಬೇಕು, ಇಲ್ಲವೇ ಎಳೆಯುವ ಬಗೆಯ ಸಿಲಿಂಡರನ್ನೇ ತರಬೇಕು. ಅದರ ಬ್ರಾಕೆಟ್ ಬೆಲ್ ಹೌಸಿಂಗ್‌ನ (ಕ್ಲಚ್ ಸುತ್ತಲಿನ ಕವಚದ) ಈಗಿರುವ ಬೋಲ್ಟ್‌ಗಳಿಗೇ ಸೇರಲಿ, ಕಾರಿನ ಬಾಡಿಯ ಮೇಲೆ ಬೇಡ. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಅಲುಗಾಡುವುದರಿಂದ ಸಿಲಿಂಡರ್ ಅದರೊಡನೆಯೇ ಚಲಿಸಬೇಕು, ಬಾಡಿಯಿಂದ ಅಲ್ಲಿಗೆ ರಬ್ಬರ್ ಹೋಸ್ ಬರಬೇಕು. ಕ್ಲಚ್‌ನ ಸ್ಪ್ರಿಂಗನ್ನು ಒತ್ತುವ ರಿಲೀಸ್ ಬೇರಿಂಗ್‌ನೊಡನೆ ಒಂದಾಗಿ ಬೆಲ್ ಹೌಸಿಂಗ್ ಒಳಗೇ ಕೂರುವ ಸಿಲಿಂಡರ್‌ಗಳೂ ಇವೆ. ನನ್ನ ಸಲಹೆ ಅವು ಬೇಡವೆಂದೇ. ಅವು ಸೋರಿದರೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ, ಕ್ಲಚ್ ಪ್ಲೇಟ್ ಮೇಲೂ ಆಯಿಲ್ ಬೀಳುತ್ತದೆ.

ಮಾಸ್ಟರ್ ಕೂರುವ ತಗಡು ತೆಳುವಾಗಿದ್ದರೆ ಪ್ರತಿ ಒತ್ತಿಗೂ ಬಾಗಿ ಚಲನೆಯನ್ನು ನುಂಗುತ್ತದೆ, ಅಲ್ಲಿ ದಪ್ಪ ಪ್ಲೇಟಿನ ಆಸರೆ ಕೊಡಿ. ಪೆಡಲ್ ಬಿಟ್ಟಾಗ ಪುಷ್ ರಾಡ್‌ಗೂ ಪಿಸ್ಟನ್‌ಗೂ ನಡುವೆ ಒಂದು ಮಿ.ಮೀ.ನಷ್ಟು ಸಡಿಲವಿರಲಿ. ಇಲ್ಲದಿದ್ದರೆ ಆಯಿಲ್ ತನ್ನ ಡಬ್ಬಿಗೆ ಮರಳುವ ರಂಧ್ರ ಮುಚ್ಚಿಕೊಂಡೇ ಇದ್ದು, ಶಾಖಕ್ಕೆ ಹಿಗ್ಗಿದ ಆಯಿಲ್ ಹಿಂದಿರುಗಲಾಗದೆ ಫೋರ್ಕನ್ನು ತಾನೇ ತಳ್ಳುತ್ತದೆ, ಕ್ಲಚ್ ಜಾರತೊಡಗುತ್ತದೆ. ನಿಮ್ಮ ಕಾರಿನ ರಿಲೀಸ್ ಬೇರಿಂಗ್ ಹಳೆಯ ಗ್ರಾಫೈಟ್ ಬಗೆಯದಾದರೆ, ಅದು ಸದಾ ತಾಗಿಕೊಂಡಿದ್ದರೆ ಬೇಗ ಸವೆದುಹೋಗುತ್ತದೆ. ಫೋರ್ಕನ್ನು ಹಿಂದೆಳೆಯುವ ಸ್ಪ್ರಿಂಗ್ ಅಗತ್ಯ.

ಮೂಲ ಭಾಗಗಳಿಗೆ ಡ್ರಿಲ್ ತಾಗಿಸಬೇಡಿ. ಕೇಬಲ್‌ನ ಕೊಕ್ಕೆ, ಬ್ರಾಕೆಟ್, ಹಳೆಯ ಫೋರ್ಕ್ ಎಲ್ಲವನ್ನೂ ಎಣ್ಣೆ ಸವರಿ ಕಟ್ಟಿಡಿ, ಹಿಂದಿನ ಸ್ಥಿತಿಗೆ ತರಬೇಕೆನಿಸಿದಾಗ ಅವು ಬೇಕಾಗುತ್ತವೆ.

ಪ್ರಶ್ನೆ: ಬ್ರೇಕ್‌ನ ಮಾಸ್ಟರ್ ಸಿಲಿಂಡರನ್ನೇ ಕ್ಲಚ್‌ಗೂ ಬಳಸಬಹುದೇ? ಬ್ರೇಕ್ ಆಯಿಲ್‌ನ ಡಬ್ಬಿ ಎರಡಕ್ಕೂ ಒಂದೇ ಆದರೆ ತೊಂದರೆಯೇ?

ಉತ್ತರ: ಡ್ರಮ್ ಬ್ರೇಕ್‌ಗಾಗಿ ಮಾಡಿದ ಮಾಸ್ಟರ್‌ಗಳಲ್ಲಿ ಪೈಪಿನೊಳಗೆ ಅಲ್ಪ ಒತ್ತಡವನ್ನು ಹಿಡಿದಿಡುವ ವಾಲ್ವ್ ಇರುವುದುಂಟು. ಅದು ಕ್ಲಚ್‌ಗೆ ಸಲ್ಲದು, ಏಕೆಂದರೆ ಬೇರಿಂಗ್ ಪೂರ್ತಿ ಹಿಂದೆ ಸರಿಯುವುದಿಲ್ಲ. ಡಬ್ಬಿಯನ್ನು ಬೇರೆಯೇ ಇಡಿ. ಕ್ಲಚ್ ಸೋರಿದ್ದರಿಂದ ಬ್ರೇಕ್‌ನ ಆಯಿಲ್ ಇಳಿದುಹೋಗುವ ಅಪಾಯವನ್ನು ಯಾರೂ ತಂದುಕೊಳ್ಳಬಾರದು. ಮಾಮೂಲಿ ಬ್ರೇಕ್ ಆಯಿಲ್ ಪೇಂಟನ್ನು ತಿನ್ನುವುದರಿಂದ ತುಂಬುವಾಗ ಸುತ್ತ ಬಟ್ಟೆ ಹಾಸಿ, ಚೆಲ್ಲಿದ ಕಡೆ ತಕ್ಷಣ ನೀರಿನಿಂದ ತೊಳೆಯಿರಿ.