ಮೂರ್ಛೆರೋಗ ಇರುವ ದೊಡ್ಡವರೂ ಮಾತ್ರೆ ತಪ್ಪಿಸುವುದು ಯಾಕೆ?

ಹೆಚ್ಚಿನ ಸಲ ಕಾರಣ ಬರೀ ಮರೆವು. ಅದನ್ನು ಅಸಡ್ಡೆ ಅಂತ ಬೈಯುವುದು ತಪ್ಪು. ಮೂರ್ಛೆರೋಗವೇ ನೆನಪಿನ ಶಕ್ತಿಗೆ ಪೆಟ್ಟು ಕೊಡಬಹುದು, ಟೋಪಿರಮೇಟ್‌ನಂಥ ಕೆಲವು ಔಷಧಿಗಳೂ ಯೋಚನೆಯನ್ನು ಮಂದ ಮಾಡುತ್ತವೆ, ಅಂದರೆ ನೆನಪಿಟ್ಟು ನುಂಗಬೇಕಾದ ಮಾತ್ರೆಯೇ ನೆನಪನ್ನು ಕುಗ್ಗಿಸಬಹುದು. ದಿನಕ್ಕೆ 2-3 ಹೊತ್ತು ಇದ್ದರಂತೂ ತಪ್ಪುವುದು ಇನ್ನೂ ಜಾಸ್ತಿ.

ಬೇಕಂತಲೇ ಬಿಡುವವರೂ ಇದ್ದಾರೆ. ತೂಕಡಿಕೆ, ತಲೆಸುತ್ತು ತಡೆಯಲಾಗದೆ ಕೆಲವರು, ಜನರೆದುರು ಮಾತ್ರೆ ತೆಗೆಯಲು ಮುಜುಗರಪಟ್ಟು ಇನ್ನು ಕೆಲವರು. ಖರ್ಚು, ಖಿನ್ನತೆ ಕೂಡ ಕಾರಣವೇ. ತಿಂಗಳುಗಟ್ಟಲೆ ಫಿಟ್ಸ್ ಬರದಿದ್ದರೆ 'ವಾಸಿಯಾಯ್ತಲ್ವಾ, ಇನ್ಯಾಕೆ ಸುಮ್ನೆ' ಅನ್ನಿಸುತ್ತದೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ. ಫಿಟ್ಸ್ ಬರದಿರುವುದೇ ಮಾತ್ರೆಯಿಂದ ಇರಬಹುದು. ಲೆವೆಟಿರಾಸೆಟಮ್‌ ಎಂಬ ಫಿಟ್ಸ್ ಔಷಧಿ ರಕ್ತದಲ್ಲಿ ಸುಮಾರು 6-8 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಒಂದು ಹೊತ್ತು ತಪ್ಪಿದರೂ ಕೆಲವರಿಗೆ ಫಿಟ್ಸ್ ಬರಬಹುದು. ದಿಢೀರನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಶುರುವಾಗಿ ಜೀವಕ್ಕೇ ಅಪಾಯ.

ಮೊಬೈಲ್ ಅಲಾರಾಂ, ವಾರದ ಮಾತ್ರೆ ಡಬ್ಬಿ ತುಂಬಾ ಸಹಾಯ ಮಾಡುತ್ತವೆ. ಮಾತ್ರೆ ತ್ರಾಸು ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ, ಔಷಧಿ ಬದಲಿಸಬಹುದು, ದಿನಕ್ಕೊಂದೇ ಸಲದ್ದೂ ಸಿಗಬಹುದು. ತಪ್ಪಿದಾಗ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ, ನೀವಾಗಿಯೇ ಎರಡು ಒಟ್ಟಿಗೆ ನುಂಗಬೇಡಿ.