ಶಾಲೆ ಬಿಟ್ರೆ ಮತ್ತೆಂತ ಮಾಡುದು?

ಪ್ರಶ್ನೆ: ಬ್ರಹ್ಮಾವರದ ಹತ್ರ ಒಂದು ಪ್ರೈವೇಟ್ ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸೈನ್ಸ್ ಕಲಿಸ್ತೇನೆ, 11 ವರ್ಷ ಆಯ್ತು, ವಯಸ್ಸು 36. ಪಾಠ ಮಾಡ್ಲಿಕ್ಕೆ ಈಗ್ಲೂ ಖುಷಿಯೇ, ಆದ್ರೆ ರಜೆಯಲ್ಲಿ ಅಡ್ಮಿಶನ್‌ಗೋಸ್ಕರ ಮನೆಮನೆ ತಿರುಗುದು, ರಾತ್ರಿ ಪೇರೆಂಟ್ಸ್ ವಾಟ್ಸಾಪ್, ಇದೆಲ್ಲ ಸಾಕಾಗಿ ಹೋಗಿದೆ. ಬೇಸಿಕ್, ಡಿಎ ಸೇರಿ 26,000 ಸಂಬಳ. ನಮ್ಮವರು ಬ್ಯಾಂಕ್ ಎಕ್ಸಾಮ್ ಬರಿ ಅಂತಾರೆ, ಅಕ್ಕ ಎಲ್‌ಐಸಿ ಏಜೆನ್ಸಿ ತಗೋ ಅಂತಾಳೆ. ಬಿಟ್ರೆ ಎಂತ ಕೆಲಸ ಸಿಗಬಹುದು?
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಟೀಚರೇ, ಬ್ಯಾಂಕಿನ ವಿಷಯ ಇವತ್ತೇ ಬಿಟ್ಟುಬಿಡಿ. ಬ್ಯಾಂಕಿಗೆ ಜನ ತಗೊಳ್ಳುವ ಐಬಿಪಿಎಸ್ ಪರೀಕ್ಷೆಯಲ್ಲಿ ಕ್ಲರ್ಕಿಗೆ 28, ಪಿಒಗೆ (ಆಫೀಸರ್ ಹುದ್ದೆ) 30 ವಯಸ್ಸಿನ ಮಿತಿ, ಎಸ್‌ಸಿ ಎಸ್‌ಟಿಯವರಿಗೆ 5 ವರ್ಷ ರಿಯಾಯಿತಿ ಸೇರಿಸಿದ್ರೂ 36ಕ್ಕೆ ಮುಟ್ಟುದಿಲ್ಲ. ಎಲ್‌ಐಸಿಗೆ ಹತ್ತನೇ ಕ್ಲಾಸು ಪಾಸಾಗಿ ಒಂದು ಪರೀಕ್ಷೆ ಬರೆದ್ರೆ ಸಾಕು, ನಮ್ಮ ಕಡೆ ಎಷ್ಟೋ ಟೀಚರ್‌ಗಳು ಅದನ್ನು ಚಂದ ಮಾಡಿದ್ದಾರೆ, ಆದ್ರೆ ಅಲ್ಲಿಯೂ ಮನೆಮನೆ ತಿರುಗುದೇ ಅಲ್ವಾ ಮಾರಾಯ್ರೆ? ಮಂಗಳೂರು, ಮೂಡುಬಿದಿರೆ ಕಡೆಯ ನೀಟ್, ಸಿಇಟಿ ಕೋಚಿಂಗ್‌ಗೂ ನಾನು ಹೋಗಿ ಅಂತ ಹೇಳುದಿಲ್ಲ, ಅಡ್ಮಿಶನ್ ತಲೆಬಿಸಿ ಅಲ್ಲಿ ಇನ್ನೂ ಜಾಸ್ತಿ. ಸ್ಪೆಷಲ್ ಎಜುಕೇಟರ್, ಅಂದ್ರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವವರು, ಆಗುದಾದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ರಿಜಿಸ್ಟ್ರೇಶನ್ ಬೇಕು, ಅಂದ್ರೆ ಪುನಃ ಓದ್ಬೇಕು.

ನಿಮ್ಗೆ ಬೇಜಾರಾದದ್ದು ಪಾಠ ಅಲ್ಲ, ಪಾಠದ ಸುತ್ತ ಇರುವ ಉಳಿದ ಕೆಲಸ. ಹಾಗಾಗಿ ಇನ್‌ಸ್ಟ್ರಕ್ಷನಲ್ ಡಿಸೈನರ್ ಕೆಲಸ ನೋಡಿ ಅಂತೇನೆ. ಕಂಪೆನಿ ಸ್ಟಾಫಿಗೆ, ನರ್ಸ್‌ಗಳಿಗೆ, ಶಾಲೆ ಮಕ್ಕಳಿಗೆ ಆನ್‌ಲೈನ್ ಪಾಠ ತಯಾರು ಮಾಡುದು, ಯಾವುದು ಮೊದಲು ಬರ್ಬೇಕು, ಎಲ್ಲಿ ಪ್ರಶ್ನೆ ಕೇಳ್ಬೇಕು, ತಪ್ಪು ಉತ್ತರ ಒತ್ತಿದವನಿಗೆ ಎಂತ ಹೇಳ್ಬೇಕು ಅಂತ ಬರೆದು ಕೊಡುದು, ಚಿತ್ರ ಅನಿಮೇಶನ್ ಮಾಡ್ಲಿಕ್ಕೆ ಬೇರೆ ಜನ ಇರ್ತಾರೆ. ಭಾರದ ಕಲ್ಲು ಬೇಗ ಬೀಳ್ತದೆ, ಹಗುರದ್ದು ನಿಧಾನ ಅಂತ ಪ್ರತಿ ಬ್ಯಾಚಿನಲ್ಲಿಯೂ ಅರ್ಧ ಕ್ಲಾಸು ಹೇಳ್ತದಲ್ಲ, ಮಕ್ಕಳು ಎಲ್ಲಿ ಎಡವ್ತಾರೆ ಅಂತ ನಿಮ್ಗೆ ಬಾಯಿಪಾಠ ಉಂಟು, ಸಾಫ್ಟ್‌ವೇರ್ ಹುಡುಗರಿಗೆ ಅದು ಗೊತ್ತಿರುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಅದೇ.

ಮಾರ್ಚ್‌ವರೆಗೆ ರಾಜೀನಾಮೆ ಮಾತು ಬೇಡ. ಅಷ್ಟರಲ್ಲಿ 8ನೇ ಕ್ಲಾಸಿನ ಘರ್ಷಣೆ ಪಾಠ ತಗೊಂಡು ಒಂದು ಸ್ಟೋರಿಬೋರ್ಡ್ ಮಾಡಿ, ಗೂಗಲ್ ಡಾಕ್ಸಿನಲ್ಲಿ ಟೇಬಲ್ ಹಾಕಿ, ಎಡಕ್ಕೆ ಸ್ಕ್ರೀನಿನಲ್ಲಿ ಕಾಣುವುದು, ಬಲಕ್ಕೆ ವಾಯ್ಸ್‌ನಲ್ಲಿ ಕೇಳುವುದು. ಇಂಥ ಎರಡು ಮೂರು ಕೈಯಲ್ಲಿ ಇದ್ರೆ ಇಂಟರ್‌ವ್ಯೂನಲ್ಲಿ ಮಾತಾಡ್ಲಿಕ್ಕೆ ಎಂತಾದ್ರೂ ಇರ್ತದೆ. ಆನ್‌ಲೈನ್ ಪಾಠ ಕಟ್ಟುವ ಸಾಫ್ಟ್‌ವೇರ್ ಆರ್ಟಿಕ್ಯುಲೇಟ್ ಸ್ಟೋರಿಲೈನ್‌ಗೆ 30 ದಿನದ ಫ್ರೀ ಟ್ರಯಲ್ ಉಂಟು, ಅದರಲ್ಲೇ ಕೈ ಪಳಗಿಸಿ, ದೊಡ್ಡ ಫೀಸಿನ ಸರ್ಟಿಫಿಕೇಟ್ ಕೋರ್ಸಿಗೆ ಈಗ್ಲೇ ದುಡ್ಡು ಸುರಿಯುದು ಬೇಡ. ಕಷ್ಟವೂ ಉಂಟು, ಇಂಗ್ಲಿಷ್ ಬರವಣಿಗೆ ಗಟ್ಟಿ ಇರ್ಬೇಕು, ಇಡೀ ದಿನ ಕಂಪ್ಯೂಟರ್ ಎದುರು ಕೂತ್ಕೊಳ್ಬೇಕು, ಬೇಸಿಗೆ ರಜೆ ಮರ್ತುಬಿಡ್ಬೇಕು.

ಮತ್ತೆ ಬಿಡುವಾಗ ಗ್ರಾಚುಯಿಟಿ, ಅಂದ್ರೆ ಸೇವೆ ಮಾಡಿದ ವರ್ಷಗಳಿಗೆ ಸಿಗುವ ಇಡಿಗಂಟು, ಕೇಳಿ ತಗೊಳ್ಳಿ. ಪ್ರೈವೇಟ್ ಶಾಲೆ ಟೀಚರಿಗೆ ಅದಿಲ್ಲ ಅಂತ ಮ್ಯಾನೇಜ್‌ಮೆಂಟ್ ಹೇಳಿದ್ರೆ ನಂಬ್ಬೇಡಿ, ಗ್ರಾಚುಯಿಟಿ ಕಾಯ್ದೆಯ 2009ರ ತಿದ್ದುಪಡಿ ಟೀಚರ್‌ಗಳನ್ನೂ ಸೇರಿಸಿದೆ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಲೆಕ್ಕ ಸುಲಭ: 26,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 11 ವರ್ಷಕ್ಕೆ ಗುಣಿಸಿ, 1,65,000 ರೂಪಾಯಿ. ಕೊಡದಿದ್ರೆ ಲೇಬರ್ ಆಫೀಸಿಗೆ ಅರ್ಜಿ ಹಾಕಿ. ಪಿಎಫ್ ಮಾತ್ರ ತೆಗೀಬೇಡಿ, ಅಷ್ಟೂ ವರ್ಷ ಕಟ್ಟಿದ್ರೆ ಪೆನ್ಶನಿಗೆ ಬೇಕಾದ 10 ವರ್ಷ ದಾಟಿದೆ, ಅದೇ ಯುಎಎನ್ (ಪಿಎಫ್ ಖಾತೆಯ ನಂಬರ್) ಹೊಸ ಕಡೆ ಕೊಡಿ. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್, ಶಾಲೆಯಲ್ಲಿ ಇಟ್ಟ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲ ಕೈಗೆ ಬಂದ ಮೇಲೇ ಬೀಗದ ಕೈ ಒಪ್ಪಿಸಿ.

ಪ್ರಶ್ನೆ: ಅನುದಾನಿತ ಶಾಲೆಯಲ್ಲಿ 6, 7ನೇ ಕ್ಲಾಸಿಗೆ ಮ್ಯಾತ್ಸ್ ಮಾಡ್ತೇನೆ. ಕೆಲಸ ಬಿಡುವ ಮೊದಲು ಸಂಜೆ ಮನೆಯಲ್ಲಿ ಟ್ಯೂಷನ್ ಶುರು ಮಾಡಿ ನೋಡ್ಬಹುದಾ?
– ಓದುಗ, ಬಂಟ್ವಾಳ

ಉತ್ತರ: ಬೇಡ ಮಾಸ್ಟ್ರೇ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರ 28ನೇ ಸೆಕ್ಷನ್‌ನಲ್ಲಿ ಟೀಚರ್ ಪ್ರೈವೇಟ್ ಟ್ಯೂಷನ್ ಮಾಡ್ಬಾರ್ದು ಅಂತ ನೇರ ಬರ್ದಿದೆ. ಊರಿನಲ್ಲಿ ಎಲ್ಲರೂ ಮಾಡ್ತಾರೆ ಅಂತ ನೀವು ಹೇಳಬಹುದು, ಆದ್ರೆ ಯಾರಾದ್ರೂ ಒಬ್ರು ಬಿಇಒ ಆಫೀಸಿಗೆ ಅರ್ಜಿ ಕೊಟ್ರೆ ಉತ್ತರ ಕೊಡ್ಬೇಕಾದವರು ನೀವು. ಈಗ ನೋಟ್ಸ್, ಪ್ರಶ್ನೆಪತ್ರಿಕೆ ತಯಾರು ಮಾಡಿ ಇಟ್ಕೊಳ್ಳಿ, ಹತ್ರದಲ್ಲಿ ಎಷ್ಟು ಮಕ್ಕಳು ಬರಬಹುದು ಅಂತ ವಿಚಾರಿಸಿ, ರಿಲೀವ್ ಆದ ಮರುದಿನ ಬೋರ್ಡ್ ಹಾಕಿ.